ಎರಡು ಕುಳಿ

ಫ್ಲ್ಯಾಮ್ ಎಂದರೆ ಇಷ್ಟೇ:
ಎಡಗೈಯಲ್ಲಿ ಒಂದು ಸಣ್ಣ ಪೆಟ್ಟು,
ಅದರ ಬೆನ್ನಿಗೇ ಬಲಗೈಯಲ್ಲಿ ದೊಡ್ಡದು.
ಇಷ್ಟಕ್ಕೇ ಕರ್ಕಾಡಿಯ ಬ್ಯಾಂಡ್ ಹಾಲಿನಲ್ಲಿ
ಗುರುವಾರ ಸಂಜೆ ಏಳಕ್ಕೆ ಹೊತ್ತಿದ ಮಾತು
ಒಂಬತ್ತಾದರೂ ಆರಿಲ್ಲ.

ಗ್ರೆಗರ್ ಬೆತೂನ್ ಅನ್ನುತ್ತಾನೆ: ಅಂಟಿರಬೇಕು.
ಸಣ್ಣದು ದೊಡ್ಡದರ ನೆರಳು;
ಬೇರೆಯಾಗಿ ಕೇಳಿಸಿತೋ, ಅದು ಫ್ಲ್ಯಾಮ್ ಅಲ್ಲ,
ಮೆಟ್ಟಿಲಲ್ಲಿ ಎಡವಿದ ಸದ್ದು.
ಐಲ್ಸಾ ವೀಮ್ಸ್ ಅನ್ನುತ್ತಾಳೆ: ಸಂದು ಬೇಕು,
ಕೂದಲೆಳೆಯಷ್ಟಾದರೂ.
ಬಾಗಿಲು ತಟ್ಟಿ ತಾನೆ ಒಳಗೆ ಬರುವುದು?
ನೀನು ಕದ ಮುರಿದುಕೊಂಡೇ ಬರುತ್ತೀಯಲ್ಲ, ಮಾರಾಯ.

ಅವನು ಬಾರಿಸಿ ತೋರಿಸಿದ. ಅವಳೂ.
ನನಗೆ ಎರಡೂ ಒಂದೇ ಥರ ಕೇಳಿತು.
ಹಾಗೆಂದೆ.
ಆ ಸಂಜೆ ಮೊದಲ ಸಲ ಇಬ್ಬರೂ ಒಂದಾಗಿ
ನನ್ನತ್ತ ತಿರುಗಿದರು.

ನನ್ನದು ದೊಡ್ಡ ನಗಾರಿ. ಹೊಟ್ಟೆಗೆ ಕಟ್ಟಿಕೊಂಡು
ಹೆಜ್ಜೆಗೊಂದು ಗುದ್ದು ಗುದ್ದುವವಳು;
ನನ್ನ ಮಾತಿಗೆ ಅಲ್ಲಿ ಅಷ್ಟೇ ತೂಕ.
ಅಜ್ಜಿ ಹೇಳಿದ್ದು ಬಾಯಿವರೆಗೆ ಬಂತು, ನುಂಗಿದೆ:
ಒಂದೇ ಒರಳಿಗೆ ಇಬ್ಬರು ಒನಕೆ ಹಾಕುವಾಗ
ಒಂದು ಏಳುವ ಮುಂಚೆ ಇನ್ನೊಂದು ಇಳಿಯಬಾರದು,
ಇಳಿದರೆ ಪೆಟ್ಟು ಭತ್ತಕ್ಕಲ್ಲ, ನಂಟಿಗೆ.
ಒರಳು ಇವರ ಮಾತಿಗೆ ಹೊರಳುವುದಿಲ್ಲ.

ಕಡೆಗೆ ಸತ್ತವನ ಹೆಸರು ಎತ್ತಿದರು.
ವಾಟಿ ಇಮ್ರಿ, ಇಬ್ಬರಿಗೂ ಕೋಲು ಹಿಡಿಸಿದವನು.
ನನಗೆ ಹೀಗೇ ಕಲಿಸಿದ, ಎಂದು ಗ್ರೆಗರ್.
ಕಲಿಸಿರಬಹುದು, ನಿನ್ನ ಕೈಯಲ್ಲಿ ಅಷ್ಟೇ ಇತ್ತು, ಎಂದು ಐಲ್ಸಾ.

ಮೂವರೂ ಹೊರಟೆವು ಕಡಲ ಮಂಜಿನಲ್ಲಿ,
ದೀಪದ ಕಂಬಗಳು ಒದ್ದೆ ಹತ್ತಿ ಮುಡಿದು ನಿಂತ ಬೀದಿ ಹಿಡಿದು,
ವಾಟಿಯ ತಂಗಿ ನೆಟಾಳ ಮನೆಗೆ.
ಅಡುಗೆಮನೆಯ ಮೇಜಿಗೆ ಲಿನೋಲಿಯಂ ಹೊದಿಕೆ,
ಅವನೇ ಕಾರ್ಖಾನೆಯಿಂದ ತಂದು ಅಂಟಿಸಿದ್ದು,
ಊರಿಗೆ ಊರೇ ಅಗಸೆ ಎಣ್ಣೆ ನಾರುತ್ತಿದ್ದ ಕಾಲದಲ್ಲಿ.
ಅದರ ಅಂಚಿನಲ್ಲಿ ಎರಡು ಕುಳಿ.
ನಲವತ್ತು ವರ್ಷದ ಬೆರಳು, ಚಮಚ, ಕೋಲು.
ಎಡದ್ದು ಸವೆದದ್ದಷ್ಟೇ,
ಬಲದ್ದರಲ್ಲಿ ಹೆಬ್ಬೆರಳು ಕೂರುತ್ತದೆ.

ಗ್ರೆಗರ್ ಕನ್ನಡಕ ಏರಿಸಿ ಬಗ್ಗಿದ.
ಐಲ್ಸಾ ಕಣ್ಣು ಮುಚ್ಚಿ ಬೆರಳಿಟ್ಟಳು.
ಎಷ್ಟು ಹತ್ತಿರ ನೋಡು, ಎಂದ.
ಎಷ್ಟು ಬೇರೆ ನೋಡು, ಎಂದಳು.
ಕುಳಿಗೆ ಗೊತ್ತಿರುವುದು ಜಾಗ;
ಹೊತ್ತು ಅದರಲ್ಲಿ ನಿಲ್ಲುವುದಿಲ್ಲ.

ನೆಟಾ ಕೆಟಲ್ ಇಳಿಸಿದಳು. ಕಪ್ಪು ಜೋಡಿಸುತ್ತ ಅಂದಳು:
ಆಲೂಗಡ್ಡೆ ಬೇಯುವ ತನಕ ಕುಟ್ಟುತ್ತಿದ್ದ.
ಹಸಿದಿದ್ದರೆ ಬಿರುಸು.
ಬಂದವರು ಏಳದಿದ್ದರೆ ಇನ್ನೂ ಬಿರುಸು.
ಕೊನೆಯ ವರ್ಷ ಎಡಗೈ ಏಳುತ್ತಿರಲಿಲ್ಲ.
ದೊಡ್ಡದೊಂದನ್ನೇ ಹಾಕಿ ನನ್ನ ಮುಖ ನೋಡುತ್ತಿದ್ದ.
ನಾನು ಈಚೆ ಕುರ್ಚಿಯಲ್ಲಿ ಕೂತು
ಸಣ್ಣದನ್ನು ಹಾಕಿಕೊಡುತ್ತಿದ್ದೆ.

ಇಬ್ಬರೂ ಒಟ್ಟಿಗೇ ಕೇಳಿದರು:
ಸರಿಯಾಗಿ ಬೀಳುತ್ತಿತ್ತೆ?

ಬಯ್ಯುತ್ತಿದ್ದ, ಎಂದಳು.
ದಿನಾ.

ಚಹಾ ಕುಡಿದೆವು. ಯಾರೂ ಮೇಜು ಮುಟ್ಟಲಿಲ್ಲ.
ಬಸ್ಸಿಗೆ ಕಾಯುವಾಗ, ಮಂಜಿನೊಳಗಿಂದ,
ಮೊದಲು ಐಲ್ಸಾ, ಅವಳ ಮಾತಿನ ಬೆನ್ನಿಗೇ ಗ್ರೆಗರ್:
ಬೇಗ ಹಾಕುತ್ತಾಳೆ ಅಂತ ಬಯ್ದನೋ,
ತಡ ಅಂತಲೋ?