ಏಳನೇ ಮೊರ

ಫಲಕದ ಮೇಲೆ ಅದರ ಹೆಸರು ‘ಅನಿಲ ಚಲನ’.
ಕಟ್ಟಿನಕೆರೆ ಮಾರ್ಕೆಟ್ಟಿನ ಕಡೆಯಿಂದ ಬರುವವರು
ಮೊದಲ ದಿನವೇ ಅಂದರು: ಮೊರದ ಕಂಬ.
ಮೂರಾಳೆತ್ತರ, ಹನ್ನೆರಡು ಸ್ಟೀಲಿನ ಮೊರ,
ತೂರುವುದಕ್ಕೆ ಒಂದು ಕಾಳಿಲ್ಲ.

ಉದ್ಘಾಟನೆಯ ದಿನ ಹಾಸನಕ್ಕೆ ಹಾಸನವೇ
ಉಸಿರು ಬಿಗಿಹಿಡಿದಿತ್ತು.
ರಿಬ್ಬನ್ನು ಕತ್ತರಿಸಿದರು. ಚಪ್ಪಾಳೆ ಮುಗಿಯಿತು.
ಒಂದು ಮೊರವೂ ಮಿಸುಕಲಿಲ್ಲ.
ಶಾಮಿಯಾನದವನ ಪೆಡೆಸ್ಟಲ್ ಫ್ಯಾನು ತಂದು
ಕತ್ತೆತ್ತಿಸಿ ಕೆಳಗಿಟ್ಟರು.
ಅಷ್ಟರಲ್ಲಿ ಕರೆಂಟು ಹೋಯಿತು.

ನನಗೆ ಕೆಲಸ ಸಿಕ್ಕಿದ್ದು ಹಾಗೆ.
ಡಿಪೋದಲ್ಲಿ ಮೂವತ್ತೊಂದು ವರ್ಷ
ಬಸ್ಸಿನ ಹೊಟ್ಟೆ ಕೆಳಗೆ ಅಂಗಾತ ಮಲಗಿದ್ದವನು
ಈಗ ತಿಂಗಳಿಗೊಮ್ಮೆ ಏಣಿ ಹತ್ತುತ್ತೇನೆ,
ಸೊಂಟಕ್ಕೆ ಗ್ರೀಸಿನ ಡಬ್ಬಿ.
ನೆಲ ಬಿಟ್ಟು ಆಕಾಶ ರಿಪೇರಿ ಅಂತ ನಗುತ್ತಾಳೆ ಹೆಂಡತಿ.

ಮೇಲಿಂದ ಕಾಣುತ್ತೆ, ಬಿ.ಎಂ. ರಸ್ತೆಯ ಟೆರೇಸುಗಳು,
ಕರೀ ಸಿಂಟೆಕ್ಸು, ಒಣಗಿದ ಸೀರೆ,
ಫ್ಲೆಕ್ಸುಗಳ ಬೆನ್ನು. ಮುಂದೆ ಕೈಮುಗಿದು ನಗುವವರಿಗೆಲ್ಲ
ಹಿಂದೆ ಬರೀ ಬಿಳಿ, ಮತ್ತು
ಗಾಳಿ ಹೋಗಲೆಂದು ಸೀಳಿದ ತೂತು.

ಆಷಾಢ ಬಂತು.
ಸಕಲೇಶಪುರದ ಕಡೆಯಿಂದ ಹೊರಟ ಗಾಳಿ
ಟಿಕೆಟ್ಟಿಲ್ಲದೆ ಊರೊಳಗೆ ನುಗ್ಗಿ
ಹನ್ನೆರಡನ್ನೂ ಹನ್ನೆರಡು ಥರ ಆಡಿಸಿತು.
ಬಸ್ಸಿಗೆ ಕಾದವರು ಬಸ್ಸು ಮರೆತರು, ಒಂದೆರಡು ದಿನ.
ಆಮೇಲೆ ಅಭ್ಯಾಸವಾಯಿತು.

ಏಳನೆಯದು ಮಾತ್ರ ಕಿರುಗುಟ್ಟತೊಡಗಿತು,
ಅದೂ ಪಡುವಣ ಗಾಳಿಗಷ್ಟೇ,
ತಾಯಿ ಕಾಣದ ಕುರಿಮರಿ ಹಾಗೆ.
“ಶಬ್ದ ಬರ್ತಿದೆಯಂತೆ, ನೋಡ್ರಿ” ಅಂದರು ಇಂಜಿನಿಯರು.

ಏಣಿ ಆನಿಸುವಾಗ ಕೇಳಿದಳು ಜವರಮ್ಮ,
ಕಂಬದ ಬುಡದಲ್ಲಿ ಕಡ್ಲೆಕಾಯಿ ಹುರಿಯುವವಳು,
ಕಣ್ಣು ಹೋಗಿ ಒಂಬತ್ತು ವರ್ಷ:
“ಅದರ ಬಾಯಿ ಕಟ್ತೀಯೇನಪ್ಪ?
ಅದು ಅತ್ರೆ ನಾನು ಒಲೆ ತಿರುಗಿಸ್ಕೋತೀನಿ.
ಇಲ್ದಿದ್ರೆ ಕಿಡಿ ಎಲ್ಲಿಗೆ ಹಾರುತ್ತೋ,
ನನ್ನ ಸೆರಗಿಗೋ, ಯಾರ ಮಗೀನ ಮೈಗೋ.”

ಹತ್ತಿದೆ.
ಗಾಳಿ ಬಂದಾಗ ತೂರಿಕೋ ಅಂತ ಗಾದೆ.
ಬಂದಿದ್ದು ಯಾವ ಕಡೆಯಿಂದ ಅಂತ
ಯಾರು ಕೂಗಿ ಹೇಳಬೇಕು, ಅದರಲ್ಲಿಲ್ಲ.

ಹನ್ನೊಂದು ಬೇರಿಂಗಿಗೆ ಗ್ರೀಸು ತುಂಬಿದೆ.
ಏಳನೆಯದರ ಮುಚ್ಚಳ ಬಿಚ್ಚಿ, ತುಕ್ಕು ಉಜ್ಜಿ,
ಎಣ್ಣೆ ಒಂದೇ ಹನಿ:
ಸವೆಯದಿರಲಿ. ಸುಮ್ಮನೂ ಆಗದಿರಲಿ.

ರಿಜಿಸ್ಟರಿನಲ್ಲಿ ಬರೆದಿದ್ದೇನೆ, ಎಲ್ಲ ಸರಿಯಿದೆ. ಸಹಿ.

ಇಳಿದಾಗ ಜವರಮ್ಮ ಬಿಸಿ ಪೊಟ್ಟಣ ಚಾಚಿದಳು,
ನಾನು ನಿಂತಲ್ಲಿಗಲ್ಲ, ಒಂದು ಮಾರು ಪಕ್ಕಕ್ಕೆ.
ಪಕ್ಕಕ್ಕೆ ಹೋಗಿ ನಿಂತು ತಗೊಂಡೆ.