ಗಜಕ್ಕೊಂದು ಹೆಬ್ಬೆರಳು

ಹೆಕ್ಸಮ್ ಪೇಟೆಯ ಇಳಿಜಾರಿನಲ್ಲಿ, ಮಾಂಸದಂಗಡಿಯ ಮಗ್ಗುಲಿಗೆ
ಜವಳಿ ಮಳಿಗೆ. ಹುಡುಗ ಹುಟ್ಟಿದ ವಾರಕ್ಕೇ ಬೋರ್ಡು ಬರೆಸಿದ್ದಾಯಿತು:
ಸ್ಟೋಕೋ ಮತ್ತು ಮಗ.
ಅರ್ಧ ಗಜಕ್ಕೆ ಎರಡು ಬೆರಳು ಹೆಚ್ಚು, ಅಷ್ಟೇ ಆಗ ಮಗ.

ಅಪ್ಪ ಮ್ಯಾಥ್ಯೂ ಕಲಿಸಿದ್ದು ಒಂದೇ ಪಾಠ:
ಗಜ ಮುಗಿದಲ್ಲಿ ಹೆಬ್ಬೆರಳಿಡು,
ಬೆರಳಿನಾಚೆ ಕತ್ತರಿ ಹಾಕು.
ಆ ಬೆರಳಗಲದ ಬಟ್ಟೆ ಗಿರಾಕಿಯದಲ್ಲ, ನಮ್ಮದೂ ಅಲ್ಲ,
ಮೇಲೊಬ್ಬ ನೋಡುತ್ತಿದ್ದಾನಲ್ಲ, ಅವನದು.

ಎದೆಯುದ್ದ ಬೆಳೆದ ಹ್ಯೂಬರ್ಟ್.
ದೊಡ್ಡ ಮನೆತನಗಳ ಹುಡುಗರು ಮುಗಿದುಹೋಗುತ್ತಿದ್ದ ಕಾಲ,
ಯುದ್ಧಕ್ಕೆ ಮೂರನೇ ವರ್ಷ,
ಅಂಗಡಿಯವನ ಮಗನ ತೋಳಿಗೂ ಒಂದು ನಕ್ಷತ್ರ ಹೊಲಿದರು.
ಮೆಸ್ಸಿನ ಮೇಜಿನಲ್ಲಿ ಅವನ ಮಾತಿನ ಎಳೆತಕ್ಕೆ ಯಾರೋ ನಕ್ಕರಂತೆ.
ನಕ್ಕವನ ಕೋಟು ನೋಡಿದ,
ಒಳಪದರ ಕಳಪೆ. ಸುಮ್ಮನಾದ.

ಹತ್ತೊಂಬತ್ತು ವರ್ಷ. ಕೈಕೆಳಗೆ ನಲವತ್ತು ಜನ:
ಕಲ್ಲಿದ್ದಲು ಗಣಿಯವರು, ಕುರಿ ಕಾಯುವವರು, ಮೊಮ್ಮಗನನ್ನು ಕಂಡವನೊಬ್ಬ.
ರಾತ್ರಿ ರಾತ್ರಿ ಲಾಟೀನು ಹಿಡಿದು
ಅವರ ಒದ್ದೆ ಪಾದಗಳ ಮುಂದೆ ಕೂರುತ್ತಿದ್ದ,
ತಿಮಿಂಗಿಲದ ಎಣ್ಣೆ ತಿಕ್ಕಿದರೋ ಇಲ್ಲವೋ ಎಂದು
ಬೆರಳ ಸಂದು ಬಿಡಿಸಿ ಬಿಡಿಸಿ ನೋಡುತ್ತಿದ್ದ.

ಮನೆಗೆ ಕಾಗದ:
‘ಅಪ್ಪಾ, ಸೆರೆಸಿಕ್ಕವನೊಬ್ಬನ ಕೋಟು ಮುಟ್ಟಿ ನೋಡಿದೆ.
ಉಣ್ಣೆಗೆ ಚಿಂದಿ ಬೆರೆಸುತ್ತಿದ್ದಾರೆ. ಹೆಚ್ಚು ದಿನ ಬಾಳುವುದಿಲ್ಲ.
ಹಿಲ್ಡಾಗೆ ಹೇಳು, ಕಾಲುಚೀಲ ಬಂತು, ಹಿಮ್ಮಡಿ ಸಡಿಲ.’
ಬಾಳುವುದಿಲ್ಲ ಅಂದದ್ದು ಕೋಟನ್ನೋ, ಅವರನ್ನೋ
ಎಂದು ಅಮ್ಮ ಎರಡು ಸಲ ಓದಿಸಿದಳು.

ಏಪ್ರಿಲ್. ಆರಾಸ್ ಊರಿನ ಪೂರ್ವಕ್ಕೆ. ಆ ತಿಂಗಳಲ್ಲೂ ಹಿಮ.
ಬೆಳಗಾದರೆ ದಾಳಿ. ಜನ ಸಾಲು ನಿಲ್ಲಬೇಕಾದಲ್ಲಿ
ಬಿಳಿ ಹತ್ತಿಯ ಪಟ್ಟಿ ಹಾಸಿ ಬರಬೇಕು, ಕತ್ತಲಲ್ಲಿ, ತೆವಳುತ್ತ.
ಇನ್ನಾರನ್ನು ಕಳಿಸುತ್ತಾರೆ? ಬಟ್ಟೆಯಂಗಡಿಯ ಹುಡುಗ.
ಕೆಸರಿನ ಮೇಲೆ ಹಿಮ ನಿಂತಿರಲಿಲ್ಲ, ಪುಣ್ಯ,
ಬಿಳಿಯ ಮೇಲೆ ಬಿಳಿ ಕಾಣುತ್ತಿರಲಿಲ್ಲ.
ಸುರುಳಿ ಬಿಚ್ಚುತ್ತ ಹೋದ, ಗೂಟ ಬಡಿಯುತ್ತ ಹೋದ,
ಕೊನೆಯ ಗೂಟದ ಹತ್ತಿರ ಪಟ್ಟಿ ತುಸು ಸೊಟ್ಟಗಾಯಿತೆಂದು
ಹಿಂದಿರುಗಿ ಬಂದು, ಮೊಣಕಾಲೂರಿ ಎದ್ದ.

ತಂತಿ ಬಂತು. ಅಧಿಕಾರಿಗಳ ಮನೆಗೆ ತಂತಿ,
ಸಿಪಾಯಿಗಳ ಮನೆಗೆ ಅಂಚೆಯಲ್ಲಿ ಅಚ್ಚು ಹಾಕಿದ ಫಾರಮ್ಮು,
ಅಷ್ಟು ವ್ಯತ್ಯಾಸ.
ಪತ್ರಿಕೆಯಲ್ಲಿ ಒಂದು ಸಾಲು: ಇನ್ನೂರು ಗಜ ಮುನ್ನಡೆ.
ಭಾನುವಾರ ಮ್ಯಾಥ್ಯೂ ಗಜಕೋಲು ಹಿಡಿದು ಬೀದಿಗಿಳಿದ.
ಹೊಸ್ತಿಲಿನಿಂದ ಅಳೆಯುತ್ತ ಹೋದ, ಬಗ್ಗಿ, ಎದ್ದು, ಬಗ್ಗಿ.
ಇನ್ನೂರು ಗಜಕ್ಕೆ ಚರ್ಚಿನ ಗೇಟು ಕೂಡ ಸಿಗಲಿಲ್ಲ.
ಪ್ರಾರ್ಥನೆ ಮುಗಿಸಿ ಬರುತ್ತಿದ್ದವರು
ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಕರ್ನಲ್ ಬರೆದಿದ್ದ: ನೋವೇ ಆಗಲಿಲ್ಲ, ಕ್ಷಣದಲ್ಲಿ.
ಎರಡು ವರ್ಷದ ಮೇಲೆ ಸಾರ್ಜೆಂಟ್ ರಟ್ಟರ್ ಮಳಿಗೆಗೆ ಬಂದ,
ಟೋಪಿ ತಿರುಗಿಸುತ್ತ ನಿಂತ, ಏನನ್ನೂ ಕೊಳ್ಳಲಿಲ್ಲ.
‘ಬೆಳಗಿನ ತನಕ ಇದ್ದರು. ಅಳಲಿಲ್ಲ.
ಪಟ್ಟಿ ನೇರ ಇದೆಯಾ ಅಂತ ಕೇಳುತ್ತಲೇ ಇದ್ದರು.
ಕತ್ತಲು, ನನಗೇನು ಕಂಡೀತು. ಇದೆ ಸಾರ್, ಅಂದೆ.’
ಮ್ಯಾಥ್ಯೂ ಕೈಯಲ್ಲಿದ್ದ ಫ್ಲಾನಲ್ ಮಡಚಿದ, ಬಿಚ್ಚಿದ, ಮಡಚಿದ.

ಆರಡಿ ಮೂರಡಿಯ ತಲೆಗೆ ಸರ್ಕಾರದ ಕಲ್ಲು. ಕಲ್ಲಿನ ಕೆಳಗಡೆ
ಮನೆಯವರು ಏನಾದರೂ ಕೆತ್ತಿಸಬಹುದು, ಅಕ್ಷರಕ್ಕೆ ಮೂರೂವರೆ ಪೆನ್ನಿ,
ಅರವತ್ತಾರು ಮೀರಬಾರದು, ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ.
ಅಮ್ಮನಿಗೆ ಬೈಬಲ್ಲಿನ ವಾಕ್ಯ ಬೇಕಿತ್ತು, ಉದ್ದವಾಯಿತು.
ಹಿಲ್ಡಾ ಏನೂ ಬೇಡವೆಂದಳು.
ಮ್ಯಾಥ್ಯೂ ರಾತ್ರಿ ಗಲ್ಲಾಪೆಟ್ಟಿಗೆಯ ಮೇಲೆ ಫಾರಮ್ಮು ಹರಡಿ ಬರೆದ:
ಪಟ್ಟಿ ನೇರ ಇದೆ, ಮಗನೇ.
ಅವರ ನುಡಿಯಲ್ಲಿ ಅದು ಇಪ್ಪತ್ನಾಲ್ಕು. ಏಳು ಶಿಲಿಂಗು, ಸರಿಯಾಗಿ.
ಏಳು ಶಿಲಿಂಗಿನ ಜೊತೆ
ಅರ್ಧ ಪೆನ್ನಿ ಹೆಚ್ಚಿಟ್ಟು ಕಳಿಸಿದ.

ಮೂರು ವಾರಕ್ಕೆ ಲಂಡನ್ನಿನ ಕಚೇರಿಯಿಂದ ಲಕೋಟೆ:
ರಸೀದಿ, ಮೊಹರು, ಸಹಿ.
ಹೆಚ್ಚಾಗಿ ಬಂದ ಹಣ ಹಿಂದಿರುಗಿಸಲಾಗಿದೆ.