ಧಾರಣಿ

ಖಡೇಬಜಾರದ ತುದಿಗೆ ನನ್ನ ಅಂಗಡಿ.
ನಿಂತ ಗಡಿಯಾರ, ಹಿತ್ತಾಳಿ ಕೀಲಿ,
ಕ್ಯಾಂಪಿನ ಬಂಗಲೆಯಿಂದ ಬಂದ ಒಡಕ ಪಿಂಗಾಣಿ.
ಅಪ್ಪಾ ಇದ್ದಾಗ ಇದು ಗುಜರಿ.
ಬೋರ್ಡು ಬದಲಿಸಿ 'ಆಂಟಿಕ್' ಅಂತ ಬರಸೇನಿ.
ತಕ್ಕಡಿ ಅವನದಽ ಐತಿ,
ಈಗ ಅದನ್ನೂ ಮಾರಾಕ ಇಟ್ಟೇನಿ.

ರೋಗದ ಅಂಜಿಕಿ ಬಂದ ವರ್ಷ,
ದವಾಖಾನಿ ಗೋಡಿಗೆ ಕೆಂಪು ಪೋಸ್ಟರು ಹತ್ತಿದ ವರ್ಷ,
ಗಿರಾಕಿಗೊಳು ಕುರ್ಚಿ ಏರೂಕಿಂತ ಮೊದಲ ಅಂದ್ರು:
"ಹೊಸಾ ಬ್ಲೇಡ ಹಾಕ್ರಿ, ನಮ್ಮ ಮುಂದಽ ಹಾಕ್ರಿ."
ಶಹಾಪುರದಿಂದ, ಅನಗೋಳದಿಂದ, ಹಿಂಡಲಗಿಯಿಂದ
ಊರ ಹಡಪದಾಗಿನ ವಸ್ತರಾ ಎಲ್ಲಾ
ಒಂದೊಂದಽ ಬಂದು ನಮ್ಮ ತಕ್ಕಡ್ಯಾಗ ಮಲಗಿದವು.
ಕಿಲೋಕ್ಕ ಏಳು ರೂಪಾಯಿ.
ಹಿಡಿ ಎಮ್ಮಿಕೋಡಿಂದು ಇದ್ರ
ಅಪ್ಪಾ ಅದನ್ನ ಮುರದು ಒಗೀತಿದ್ದ,
ಕಬ್ಬಿಣದ ರೇಟಿಗೆ ಕೋಡ ಯಾಕ ತೂಗಬೇಕಂತ.

ಹೋದ ಯುಗಾದಿಗೆ ಒಂದಕ್ಕ ಎರಡು ಸಾವಿರ.
ಶ್ರಾವಣಕ್ಕ ಐದು.
ಗೋವಾದಿಂದ ಒಬ್ಬ ಬಂದ, ಎದಿತನಾ ಗಡ್ಡ ಬಿಟ್ಟಾಂವ.
ಗಡ್ಡದಾಂವಗ ವಸ್ತರಾ ಯಾಕ ಅಂತ ನಾ ಕೇಳಲಿಲ್ಲ.
ಭೂತಗನ್ನಡಿ ಹಿಡದು ಬಾಲದ ಮ್ಯಾಲಿನ ಅಕ್ಷರ ಓದಿದ,
"ಶೆಫೀಲ್ಡ್" ಅಂದ, ದನಿ ಇಳಿಸಿ,
ಗದ್ದಿಗಿ ಮುಂದ ನಿಂತಾರಂಗ.
ಒಂಬತ್ತು ಸಾವಿರ ಎಣಿಸಿಕೊಟ್ಟ.
ಪುಣೆದ ಡಾಕ್ಟರೊಬ್ಬರು ಫೋನಿನ್ಯಾಗ ಹೇಳಿದ್ರು,
ಸಾಹೇಬರ ಮನ್ಯಾಗ ಏಳರ ಪೆಟ್ಟಿಗಿ ಇರ್ತಿತ್ತಂತ,
ವಾರಕ್ಕೊಂದು ಕತ್ತಿ,
ಬೆನ್ನಿಗೆ ಆಯಾ ವಾರದ ಹೆಸರು.
ಪೂರಾ ಪೆಟ್ಟಿಗಿ ಸಿಕ್ರ ಕೇಳಿದಷ್ಟು ಕೊಡ್ತಾರಂತ.
ನನ್ನ ಕಡೆ ಬರೇ ಗುರುವಾರ ಐತಿ.

ಆ ಗುರುವಾರನ್ನ ನೋಡಾಕ ಅಡಿವೆಪ್ಪ ಬಂದ.
ಎಂಬತ್ತರ ಹತ್ರ ವಯಸ್ಸು.
ಕೈಯಾಗಿನ ಚಹಾದ ಬಸಿ ಗಲಗಲ ಅಂತಿತ್ತು.
"ನಂದಽ ಇದು" ಅಂದ. ಬೇಡಲಿಲ್ಲ, ಜಗಳಾಡಲಿಲ್ಲ.
ಊರಿಗೆ ಹೊಂಟ ಸಾಹೇಬ
ಏಳರಾಗ ಒಂದನ್ನ ಅವರಪ್ಪಗ ಕೊಟ್ಟು ಹ್ವಾದದ್ದು.
ಹೆಬ್ಬೆರಳ ಉಗುರಿಗೆ ಮುಟ್ಟಿಸಿದ,
ಬಾಗಲಕ್ಕ ಹೋಗಿ ಬಿಸಿಲಿಗೆ ಹಿಡದ.
"ಯಾಂವ ಇದಕ್ಕ ಪಾಲಿಶ ಹೊಡದಾಂವ?"

ನಾನಽ.
ಮಶಿನ್ನಿನ ಗಾಲಿಗೆ ಹಚ್ಚಿದ್ದೆ, ಕನ್ನಡಿ ಆಗೂತನಾ.

"ಉಕ್ಕು ಸುಟ್ಟೈತಿ ತಮ್ಮಾ.
ಧಾರ ಹೋತು, ಧಾರಣಿ ಬಂತು."

ರೇಟಿನ ಚೀಟಿ ಮ್ಯಾಲೆ ಬೆರಳ ಇಟ್ಟೆ.
ಅಷ್ಟರಾಗ ಅಂವ ಓದಿ ಆಗಿತ್ತು: ಹದಿನೆಂಟು ಸಾವಿರ.
"ದಾಡಿಗೆ ಎಂಟಾಣೆ ಇದ್ದ ಕಾಲ," ಅಂತ ಎಣಿಸಿದ ತುಟಿಯೊಳಗ,
"ಮೂವತ್ತಾರು ಸಾವಿರ ದಾಡಿ. ಹೂಂ. ಆಗಿರಬೇಕು."
ಪರೇಡಿಗೆ ಓಡೂ ಜವಾನರು, ಅರಿಶಿಣದ ಮದುಮಕ್ಕಳು,
ಅಪ್ಪನ್ನ ಮಣ್ಣಿಗಿಟ್ಟು ಬಂದು ಮಾತಿಲ್ಲದ ಕುಂತಾರು.
"ಜೈಲಿನ್ಯಾಗ ಒಬ್ಬ ಹುಡುಗ, ನಸುಕಿನ್ಯಾಗ,
ತಾನಽ ಗದ್ದ ಎತ್ತಿ ಕೊಟ್ಟ.
ಅಂವ ಉಗುಳ ನುಂಗೂತನಾ ನಾ ಕೈ ತಡದೆ."
ಮುಂದ ಹೇಳಲಿಲ್ಲ.

"ಹಿಡಿ ಯಾವದು ಇದಕ್ಕ?"
"ಮೂಲದ್ದು" ಅಂದೆ. ಚೀಟಿನ್ಯಾಗೂ ಹಂಗಽ ಬರದೇನಿ.
ಮುಂಬೈದಿಂದ ತರಿಸಿದ ಪ್ಲಾಸ್ಟಿಕ್ಕು ಅದು.

ಅಡಿವೆಪ್ಪ ನಗಲಿಲ್ಲ.
ಬನಿಯನ್ನಿನ ಒಳಕಿಸೆದಾಗಿಂದ ಅರಿವಿಗಂಟು ತಗದ, ಬಿಚ್ಚಿದ:
ಎರಡು ಚೂರು ಕೋಡು, ಕರ್ರಗ,
ಹೆಬ್ಬೆರಳ ಕೂಡೂ ಜಾಗಾದಾಗ ತಗ್ಗು ಬಿದ್ದದ್ದು.
ಆವತ್ತು ಅಪ್ಪಾ ಮುರದು ಒಗದಾಗ
ನೆಲದಿಂದ ಆರಿಸಿಕೊಂಡು ಹ್ವಾದದ್ದು.
ಬಾಗಲದಾಗ ನಿಂತ ಹುಡುಗ ನಾನಽ ಇದ್ನೆಲ್ಲ,
ನೋಡಿದ್ದೆ.

ಮಾರಾಕ ಇಟ್ಟ ತಕ್ಕಡ್ಯಾಗ ಅವನ್ನ ಇಟ್ಟ.
"ಇದಕ್ಕೇನು ಐತೋ ಈಗ ರೇಟು?"

ತಟ್ಟಿ ಜರಾ ಅಲುಗಾಡಿತು, ನಿಂತಿತು.
ನಾ ಬಾಯಿ ತಗೀಲಿಲ್ಲ ಖರೆ,
ತಲ್ಯಾಗ ಲೆಕ್ಕ ಓಡಾಕ ಹತ್ತಿತ್ತು:
ಮೂಲ ಹಿಡಿ ಸಮೇತ,
ಇಪ್ಪತ್ತಾರು.